ಎರಡನೇ ಸಲದ ಹಾಲು

‘ಏಳನೇ ಮಡಿಕೆ’ ಧಾರಾವಾಹಿಯ ಎರಡನೇ ಸೀಸನ್ ಶುರುವಾದ ದಿನ ನಮ್ಮೂರಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ. ಹೇಳುವುದಕ್ಕೆ ಪುರುಸೊತ್ತಿರಲಿಲ್ಲ ಅನ್ನುವುದು ಹೆಚ್ಚು ಸರಿ. ಬೆಳಗ್ಗೆ ಹಾಲಿನ ಡಿಪೋದ ಮುಂದಿನ ಕಿಟಕಿಗೆ ಪಾತ್ರೆ ಹಿಡಿದು ಬಂದವರೆಲ್ಲ ಅದೊಂದೇ ಮಾತು ಆಡಿದರು. ಸಂಜೆ ಹಿಂದಿನ ಕಿಟಕಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಎರಡನೇ ಸಲಕ್ಕೆಂದು ತೆಗೆದಿರಿಸಿದ್ದ ಕ್ಯಾನು ತುಂಬಿದ್ದು ತುಂಬಿದ ಹಾಗೇ ಕೂತಿತ್ತು.

ಡಿಪೋಗೆ ಎರಡು ಕಿಟಕಿ. ಮುಂದಿನದು ಪೇಟೆಬೀದಿಗೆ, ಹಿಂದಿನದು ಹೊಂಗೆಮರದ ಓಣಿಗೆ. ಮುಂದಿನ ಕಿಟಕಿಯಲ್ಲಿ ದಿನದ ಹಾಲು, ಜೊತೆಗೆ ಊರಿನ ಹರಟೆ. ಮನೆಯಲ್ಲಿ ಯಾರಾದರೂ ಹಾಲಿನ ಹತ್ತಿರ ಸುಳ್ಳಾಡಿ ಹಾಲು ಒಡೆದುಹೋದರೆ ಮತ್ತೆ ಹಾಲಿಗೆ ಬರಬೇಕಲ್ಲ, ಅಂಥವರು ಹಿಂದಿನ ಕಿಟಕಿಗೆ ಬರುತ್ತಾರೆ. ಅಲ್ಲಿ ಮಾತಿಲ್ಲ. ಗೋಣಿಪರದೆಯ ಕೆಳಗಿನಿಂದ ಒಂದು ಪಾತ್ರೆ ಒಳಗೆ ಬರುತ್ತದೆ, ತುಂಬಿಕೊಂಡು ಹೊರಗೆ ಹೋಗುತ್ತದೆ. ನನಗೆ ಕಾಣುವುದು ಕೈ ಮಾತ್ರ. ಆದರೆ ಇಷ್ಟು ವರ್ಷ ಒಂದೇ ಊರಿನ ಪಾತ್ರೆಗಳಿಗೆ ಹಾಲು ಹೊಯ್ದವಳಿಗೆ ಕೈ ಕಂಡರೆ ಸಾಕು. ಯಾವ ಮನೆಯಲ್ಲಿ ಇವತ್ತು ಯಾರು ಬಾಯಿ ಜಾರಿದರು ಅಂತ ಗೊತ್ತಾಗಿಬಿಡುತ್ತದೆ. ಈ ಕೆಲಸ ಒಪ್ಪಿಸುವಾಗ ನಮ್ಮತ್ತೆ ಹೇಳಿದ್ದು ಇಷ್ಟೇ: “ನೋಡು ಸುಗುಣ, ಹಿಂದೆ ಕಂಡಿದ್ದು ಮುಂದೆ ಬರಬಾರದು.” ಬಂದಿಲ್ಲ.

ಹೊರಗಿನಿಂದ ಬಂದವರಿಗೆ ನಮ್ಮೂರಿನ ರೀತಿ ರಿವಾಜು ಒಗ್ಗುವುದಕ್ಕೆ ಸ್ವಲ್ಪ ದಿನ ಬೇಕು. ಇಲ್ಲಿ ವಕೀಲರು ಕಪ್ಪು ಟೀ ಕುಡಿಯುತ್ತಾರೆ. ಹೆಣ್ಣು ನೋಡುವ ಶಾಸ್ತ್ರ ಮನೆಯೊಳಗೆ ನಡೆಯುವುದಿಲ್ಲ, ಕೆರೆ ಏರಿಯ ಮೇಲೆ ಚಾಪೆ ಹಾಸಿ ನಡೆಯುತ್ತದೆ. ಹಾಲಿನ ಅಂಗಡಿಯ ಮುಂದೆ ಯಾರೂ ಯಾರನ್ನೂ “ಚೆನ್ನಾಗಿದೀರಾ?” ಅಂತ ಕೇಳುವುದಿಲ್ಲ, ಕೇಳಿದರೆ ಅವರು ಉತ್ತರ ಹೇಳಿಬಿಟ್ಟಾರು ಅನ್ನುವ ಭಯ. ಒಡೆದ ಹಾಲನ್ನೆಲ್ಲ ಕೊಂಡು ಕಲಾಕಂದ ಮಾಡಿ ಮಾರುವ ಮಿಠಾಯಿ ಅಂಗಡಿಯ ವರದಣ್ಣ ಚುನಾವಣೆ ಬಂದಾಗಲೆಲ್ಲ ಒಬ್ಬ ಹೆಚ್ಚಿನ ಆಳನ್ನು ಇಟ್ಟುಕೊಳ್ಳುತ್ತಾನೆ.

ಇಂಥ ಊರಿಗೆ ಆ ಧಾರಾವಾಹಿ ಬಂದಿತ್ತು. ಕಾದಂಬಿನಿ ಅಂತ ಒಬ್ಬಳು. ಮನೆಮನೆಗೆ ಸೀರೆ ಗಂಟು ಹೊತ್ತು ಮಾರುವವಳು, ಅಸಲಿಗೆ ಗೂಢಚಾರಿಣಿ. ಸುದ್ದಿಯ ಚೀಟಿ ಇರುವುದು ಸೀರೆಯ ಏಳನೇ ಮಡಿಕೆಯಲ್ಲಿ. ಗಂಡನಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. ಮೊದಲ ಸೀಸನ್ನಿನ ಮೊದಲ ಕಂತಿನಲ್ಲೇ ಅವಳು ಒಲೆಯ ಮುಂದೆ ನಿಂತು, ಹಾಲು ಕಾಯಿಸುತ್ತಾ, “ಇವತ್ತೆಲ್ಲ ಮನೆಯಲ್ಲೇ ಇದ್ದೆ ರೀ” ಅಂತ ಗಂಡನಿಗೆ ಹೇಳಿದಾಗ ಇಡೀ ಊರು ಉಸಿರು ಬಿಗಿಹಿಡಿಯಿತು. ಹಾಲು ಒಡೆಯಲಿಲ್ಲ. ಅವಳು ಅದರಲ್ಲೇ ಕಾಫಿ ಬೆರೆಸಿಕೊಟ್ಟಳು, ಅವನು ಕುಡಿದ. ಮರುದಿನ ಮುಂದಿನ ಕಿಟಕಿಯಲ್ಲಿ ಅದೇ ಚರ್ಚೆ. “ಅದು ಪುಡಿ ಹಾಲು ಇರ್ಬೇಕು ಬಿಡಿ” ಅಂತ ವರದಣ್ಣ ತೀರ್ಪು ಕೊಟ್ಟ. ನಟರು ಆಡುವ ಮಾತಿಗೆ ನಮ್ಮ ಹಾಲಿಗೇನೂ ಆಗುವುದಿಲ್ಲ ಅಂತ ಗೊತ್ತಾಗುವವರೆಗೆ ಜನ ಹಾಲಿನ ಪಾತ್ರೆಗಳನ್ನು ಅಂಗಳದಲ್ಲಿಟ್ಟು ಟಿವಿ ನೋಡಿದರು. ಆಮೇಲೂ ಒಂದು ಮನೆಯಲ್ಲಿ ಕಂತಿನ ನಡುವೆ ಹಾಲು ಒಡೆದು ದೊಡ್ಡ ಗಲಾಟೆ ಆಯಿತು. ವಿಚಾರಿಸಿದರೆ, ಮನೆಯ ಯಜಮಾನರು ಕಣ್ಣೊರೆಸಿಕೊಳ್ಳುತ್ತಾ “ನಾನೆಲ್ಲಿ ಅಳ್ತಿದೀನಿ?” ಅಂದಿದ್ದರೆ ಏನೂ ಆಗುತ್ತಿರಲಿಲ್ಲ, “ನಾನು ಅಳ್ತಿಲ್ಲ” ಅಂದುಬಿಟ್ಟಿದ್ದರು.

ಆ ಸೀಸನ್ ಮುಗಿದದ್ದು ಕಾದಂಬಿನಿ ಸಿಕ್ಕಿಬೀಳುವಲ್ಲಿಗೆ. ಯಾರೋ ಅವಳ ಗುಟ್ಟು ಮಾರಿದ್ದರು. ಯಾರು ಅನ್ನುವುದನ್ನು ಹೇಳದೆ ನಿಲ್ಲಿಸಿಬಿಟ್ಟರು. ಊರು ಎರಡು ವರ್ಷ ಆ ಪ್ರಶ್ನೆಯನ್ನು ಮೆಲುಕು ಹಾಕಿತು. ಗಂಡ ಅಂದವರಿದ್ದರು, ಅವಳ ಮೇಲಧಿಕಾರಿ ಅಂದವರಿದ್ದರು. ನನಗೆ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ನನ್ನ ಮಗಳು ತನ್ಮಯಿ ಇನ್ನೂ ತೊದಲುತ್ತಿದ್ದಾಗ ಅವಳಪ್ಪ ತೀರಿಕೊಂಡರು. ಅಂದಿನಿಂದ ಬೆಳಗ್ಗೆ ಮುಂದಿನ ಕಿಟಕಿ, ಮಧ್ಯಾಹ್ನ ಟೈಲರ್ ಅಂಗಡಿಯ ಬ್ಲೌಸುಗಳಿಗೆ ಹುಕ್ಕು ಕಾಜ, ಸಂಜೆ ಹಿಂದಿನ ಕಿಟಕಿ. ಧಾರಾವಾಹಿ ನೋಡುವಾಗಲೂ ನನ್ನ ಕೈಯಲ್ಲಿ ಸೂಜಿ ಇರುತ್ತಿತ್ತು, ಅರ್ಧ ಕಂತಿಗೆ ಕಣ್ಣು ಎಳೆಯುತ್ತಿತ್ತು. ಉಳಿದರ್ಧ ತನು ಹೇಳುತ್ತಿದ್ದಳು.

ಎರಡನೇ ಸೀಸನ್ನಿನ ನಾಲ್ಕನೇ ಕಂತಿನಲ್ಲಿ ಮಾತ್ರ ನಾನು ಎಚ್ಚರವಾಗಿಯೇ ಇದ್ದೆ. ಗುಟ್ಟು ಮಾರಿದವಳು ಬೀದಿ ಮೂಲೆಯ ಇಸ್ತ್ರಿ ಹೆಂಗಸು. ಎಲ್ಲರ ಬಟ್ಟೆಯೂ ಅವಳ ಕೈಮೇಲೆ ಹಾಯುತ್ತದೆ, ಎಲ್ಲರ ಜೇಬೂ ಅವಳಿಗೆ ಗೊತ್ತು, ಅವಳ ಮುಖ ಯಾರಿಗೂ ನೆನಪಿರುವುದಿಲ್ಲ. ಅವಳು ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ಕೆಳಗಿಟ್ಟು ಮೊದಲ ಸಲ ತಲೆ ಎತ್ತಿ ಪರದೆಯಿಂದ ನೇರ ನಮ್ಮನ್ನು ನೋಡಿದಳು. ಕಂತು ಮುಗಿಯಿತು. ನನ್ನ ಸೂಜಿ ಬೆರಳಿಗೆ ಚುಚ್ಚಿತು. “ಅಮ್ಮಾ, ರಕ್ತ” ಅಂದಳು ತನು. ಅವಳೂ ನನ್ನನ್ನೇ ನೋಡುತ್ತಿದ್ದಳು.

ಮರುದಿನ ಬೆಳಗ್ಗೆ ಮುಂದಿನ ಕಿಟಕಿಯಲ್ಲಿ ಹರಟೆ ಇರಲಿಲ್ಲ. ಪಾತ್ರೆ ಚಾಚಿದವರು ನನ್ನ ಮುಖ ನೋಡುತ್ತಿದ್ದರು, ಹೊಸದಾಗಿ ನೋಡುವ ಹಾಗೆ. ವರದಣ್ಣನೇ ಬಾಯಿಬಿಟ್ಟ.

“ಏನ್ ಸುಗುಣಕ್ಕಾ, ಸುದ್ದಿ ಯಾವ ದೇಶಕ್ಕೆ ಕಳಿಸ್ತಿದೀರ?”

ಪ್ರಶ್ನೆಗೆ ಹಾಲು ಒಡೆಯುವುದಿಲ್ಲ. ಅಷ್ಟು ತಿಳಿದೇ ಕೇಳಿದ್ದು. ನಗು ಎದ್ದಿತು, ಆದರೆ ತಮಾಷೆಯ ನಗುವಲ್ಲ. ನಾನು ಕ್ಯಾನಿನ ಮುಚ್ಚಳ ತೆಗೆದು ಎಲ್ಲರಿಗೂ ಕಾಣುವಂತೆ ಇಟ್ಟು ಹೇಳಿದೆ: “ಹಿಂದಿನ ಕಿಟಕಿಯ ಮಾತು ನಾನು ಇವತ್ತಿನ ತನಕ ಒಬ್ಬರಿಗೂ ಹೇಳಿಲ್ಲ.” ಹಾಲು ತಣ್ಣಗೆ, ಬೆಳ್ಳಗೆ, ಇದ್ದ ಹಾಗೇ ಇತ್ತು. ಇಷ್ಟಕ್ಕೆ ಮುಗಿಯಿತು ಅಂದುಕೊಂಡೆ.

“ಹೇಳಿಲ್ಲ, ಸರಿ ಕಣಮ್ಮ. ಗೊತ್ತಿರೋದು ಹೌದು ತಾನೆ?” ಅಂದರು ಸಾಲಿನ ಹಿಂದಿನಿಂದ ಒಬ್ಬರು. “ನಾಳೆ ಹೇಳಲ್ಲ ಅಂತ ಏನು ಖಾತ್ರಿ? ನಾಳೆ ಮಾತು ಹಾಲಿಗೆ ಗೊತ್ತಾಗುತ್ತಾ?”

ಆಗಿಹೋದದ್ದನ್ನು ಹಾಲು ಹೇಳುತ್ತದೆ. ಆಗಬೇಕಾದ್ದು ಅದಕ್ಕೂ ಗೊತ್ತಿಲ್ಲ.

ಅಂದಿನಿಂದ ಹಿಂದಿನ ಕಿಟಕಿ ಭಣಗುಟ್ಟಿತು. ಜನ ಸುಳ್ಳು ಬಿಟ್ಟರು ಅಂತಲ್ಲ. ಒಡೆದ ಹಾಲನ್ನು ಬಚ್ಚಲಿಗೆ ಚೆಲ್ಲಿ ಕಪ್ಪು ಟೀ ಕುಡಿದರು, ಮಕ್ಕಳಿಗೆ ಅಂಬಲಿ ಕೊಟ್ಟರು. ಬಂದ ನೆಂಟರಿಗೆ “ಹಾಲಿಲ್ಲ” ಅಂದರು, ಅದು ನಿಜವೇ. ಕಿಟಕಿ ಹೀಗೇ ಖಾಲಿ ಕೂತರೆ ತಿಂಗಳ ಕೊನೆಗೆ ಇಟ್ಟಿಗೆ ಕಟ್ಟಿಸಿ ಮುಚ್ಚಿಬಿಡುವುದಾಗಿ ಡಿಪೋದ ಅಧ್ಯಕ್ಷರು ಹೇಳಿಕಳಿಸಿದರು. ನನ್ನ ಸಂಜೆಯ ಕೆಲಸ ಹೋಗುತ್ತದೆ ಅನ್ನುವುದು ಒಂದು. ಅದಕ್ಕಿಂತ, ತಪ್ಪು ಮಾಡಿದವರು ಯಾರಿಗೂ ಮುಖ ತೋರಿಸದೆ ಮತ್ತೆ ಹಾಲು ಒಯ್ಯುವ ಜಾಗ ಊರಿನಲ್ಲಿ ಅದೊಂದೇ ಇದ್ದದ್ದು.

ಈ ಗದ್ದಲದಲ್ಲಿ ಮನೆಯಲ್ಲಿ ಎಲ್ಲ ಸರಿಯಾಗಿದೆ ಅಂತ ನಾನು ನಂಬಿದ್ದೆ. ನಮ್ಮೂರ ತಂದೆತಾಯಿಗಳಿಗೆ ಮಕ್ಕಳ ಮುಖ ನೋಡುವ ಅಭ್ಯಾಸ ಇಲ್ಲ. ನಾವು ಹಾಲಿನ ಪಾತ್ರೆ ನೋಡುತ್ತೇವೆ. ಸಂಜೆ ಹಾಲು ಒಲೆಗಿಟ್ಟು ನಾನು ಕೇಳುತ್ತಿದ್ದೆ, ಪಾತ್ರೆಯ ಮೇಲೆ ಕಣ್ಣಿಟ್ಟು.

“ಸ್ಕೂಲು ಹೆಂಗಿತ್ತೇ?”

“ಚರಿತ್ರೆ ಪಾಠ ಚೆನ್ನಾಗಿತ್ತಮ್ಮ.”

“ಊಟಕ್ಕೆ ಯಾರ ಜೊತೆ ಕೂತ್ಕೊಂಡೆ?”

“ಇವತ್ತು ನೆಲ್ಲಿಮರದ ಹತ್ರ ಕೂತಿದ್ದೆ. ಬುತ್ತಿ ಪೂರ್ತಿ ಖಾಲಿ ಮಾಡಿದೀನಿ, ನೋಡು.”

ಹಾಲು ಒಡೆಯುತ್ತಿರಲಿಲ್ಲ. ನಾನು ಒಲೆ ಆರಿಸಿ ಹುಕ್ಕು ಕಾಜಕ್ಕೆ ಕೂರುತ್ತಿದ್ದೆ. ಆ ದಿನಗಳಲ್ಲೇ ಟಿವಿಯಲ್ಲಿ ಕಾದಂಬಿನಿಯನ್ನು ನಿಜ ಕಂಡುಹಿಡಿಯುವ ಯಂತ್ರದ ಮುಂದೆ ಕೂರಿಸಿದ್ದರು. ಅವಳು ಸುಳ್ಳೇ ಹೇಳದೆ ಅವರನ್ನೆಲ್ಲ ಸುತ್ತಿಸುತ್ತಿದ್ದಳು. ‘ಆ ರಾತ್ರಿ ಎಲ್ಲಿದ್ದೆ?’ ಅಂದರೆ, ‘ನನ್ನ ಮಗನಿಗೆ ಆ ರಾತ್ರಿ ಜ್ವರ ಇತ್ತು’ ಅನ್ನುವಳು. ಜ್ವರ ಇದ್ದದ್ದು ನಿಜ, ಅವಳು ಮನೆಯಲ್ಲಿ ಇರಲಿಲ್ಲ. ನಮ್ಮೂರ ಜನ ತೊಡೆ ತಟ್ಟಿ ಮೆಚ್ಚಿದರು. ನಾನೂ ಮೆಚ್ಚಿದೆ. ಪಕ್ಕದಲ್ಲಿ ಕೂತ ಹುಡುಗಿ ಪಾಠ ಕಲಿಯುತ್ತಿದ್ದಾಳೆ ಅಂತ ನನಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ, ಕಾಜ ಹೊಲಿಯುತ್ತಾ ಡಿಪೋದಲ್ಲೇ ಕೂತಿದ್ದಾಗ, ಹಿಂದಿನ ಕಿಟಕಿಯ ಗೋಣಿಪರದೆ ಸರಿಯಿತು. ಕೈ ಬರಲಿಲ್ಲ, ಮುಖವೇ ಬಂತು. ಶಾಲೆಯ ಮುಖ್ಯೋಪಾಧ್ಯಾಯಿನಿ ಇಂದುಮತಿ ಮೇಡಂ. ಅವರ ಹಿಂದೆ ತಳ್ಳುಗಾಡಿಯಲ್ಲಿ ಶಾಲೆಯ ದೊಡ್ಡ ಹಂಡೆ.

“ಮಾತಾಡಬಾರದು ಅಂತ ಗೊತ್ತು ಸುಗುಣಮ್ಮ, ಆದ್ರೆ ಮಾತಾಡ್ಲೇಬೇಕು. ಇಡೀ ಶಾಲೆ ಹಾಲು ಒಡೆದುಹೋಯ್ತು.”

ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಹಾಲಿಗೆ ಒಂದು ಕ್ರಮವಿದೆ. ಹಂಡೆಯನ್ನು ಮೈದಾನದಾಚೆಯ ಕೊಟ್ಟಿಗೆಯಲ್ಲಿ ಕಾಯಿಸುತ್ತಾರೆ. ಗಂಟೆ ಹೊಡೆದ ಮೇಲೆ ಹೊತ್ತು ತರುತ್ತಾರೆ. ಹಂಡೆ ಬಂದದ್ದೇ ಮಕ್ಕಳೆಲ್ಲ ಬಾಯಿ ಮುಚ್ಚಬೇಕು, ಕೊನೆಯ ಲೋಟ ಖಾಲಿಯಾಗುವವರೆಗೆ ಪಿಟ್ಟೆನ್ನಬಾರದು. ಅಂದು ಯಾರೋ ಪಿಟ್ಟೆಂದಿದ್ದರು.

“ಯಾರು ಮೇಡಂ?”

“ನಿಮ್ಮ ತನ್ಮಯಿ.”

ನಾನು ಬ್ಲೌಸು ಪಕ್ಕಕ್ಕಿಟ್ಟು ಕಿಟಕಿಯ ಹತ್ತಿರ ಸರಿದೆ. ಮೇಡಂ ನಡೆದದ್ದನ್ನೆಲ್ಲ ಹೇಳಿದರು.

ಹೋದ ಚಳಿಗಾಲ ನನಗೆ ಟೈಫಾಯ್ಡ್ ಆಗಿ ಮಲಗಿದ್ದಾಗ ಸಂಜೆಯ ಹಾಲು ಹೊಯ್ದವಳು ತನು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಗ ತಲೆಗೆ ಹಾಕಿಕೊಂಡಿರಲಿಲ್ಲ. ಇಸ್ತ್ರಿ ಹೆಂಗಸಿನ ಕಂತು ಬಂದ ಮೇಲೆ ತರಗತಿಯ ಹುಡುಗಿಯರು ಅವಳ ಬೆನ್ನು ಹತ್ತಿದ್ದರು. ಮೊದಲು ಜೊತೆಯಲ್ಲಿ ಕೂರುವುದನ್ನು ಬಿಟ್ಟರು, ಆಮೇಲೆ ಮಾತು ಬಿಟ್ಟರು. ಇವತ್ತು ಹಂಡೆಯ ಮುಂದೆ ಸಾಲಿನಲ್ಲಿ ನಿಂತಾಗ, ಸಂಪದಾ ಅನ್ನುವ ಹುಡುಗಿ ಅವಳ ಕೈ ಹಿಡಿದು ತಿರುಗಿಸಿ, “ನಮ್ಮಪ್ಪ ನಿಮ್ಮ ಹಿಂದಿನ ಕಿಟಕಿಗೆ ಬಂದಿದ್ರಾ? ಈಗ ಹೇಳು, ಹಾಲಿನ ಮುಂದೆ ಹೇಳು” ಅಂದಳಂತೆ. ತನು, “ನಂಗೆ ಗೊತ್ತಿಲ್ಲ” ಅಂದಳಂತೆ. ಹಂಡೆಯಲ್ಲಿ ಹಾಲು ಬೇರೆ, ನೀರು ಬೇರೆ.

“ನಿಮಗೆ ಗೊತ್ತಲ್ಲ ಶಾಲೆ ನಿಯಮ” ಅಂದರು ಮೇಡಂ, ಕಣ್ಣು ತಪ್ಪಿಸಿ. “ಹಾಲು ಒಡೆಸಿದವರು ನಾಳೆ ಹೊಸ ಹಾಲಿನ ಮುಂದೆ ಅದೇ ಪ್ರಶ್ನೆಗೆ ಉತ್ತರ ಹೇಳ್ಬೇಕು. ಎಲ್ಲರ ಮುಂದೆ. ನಾನು ಮಾಡಿದ ನಿಯಮ ಅಲ್ಲ, ನಾನು ಓದುವಾಗ್ಲೂ ಇತ್ತು.”

ಹೌದು, ನಾನು ಓದುವಾಗಲೂ ಇತ್ತು. ಹಂಡೆ ತುಂಬಿಕೊಟ್ಟೆ. ನಾಳೆ ನನ್ನ ಮಗಳು ನಿಜ ಹೇಳಿದರೆ ಹಿಂದಿನ ಕಿಟಕಿ ಸತ್ತಿತು. ಆ ನಿಜ ‘ಬಂದಿದ್ರು’ ಅಂತಾದರೆ ಅದರ ಜೊತೆಗೆ ಒಂದು ಮನೆಯ ಮರ್ಯಾದೆಯೂ. ಸುಳ್ಳು ಹೇಳಿದರೆ ಹಾಲು ಮತ್ತೆ ಒಡೆಯುತ್ತದೆ, ಆಮೇಲೆ ಅವಳನ್ನು ಆ ಶಾಲೆಯಲ್ಲಿ ಯಾರೂ ಉಳಿಯಗೊಡುವುದಿಲ್ಲ.

ಸಂಜೆ ‘ಏಳನೇ ಮಡಿಕೆ’ಯ ಕೊನೆಯ ಕಂತು. ಬೀದಿಯ ಎಲ್ಲ ಮನೆಗಳಿಂದಲೂ ಅದರ ಸಂಗೀತ ಕೇಳುತ್ತಿತ್ತು. ನಮ್ಮ ಟಿವಿ ಹಾಕಿರಲಿಲ್ಲ. ತನು ಅಡುಗೆಮನೆಯ ಗೋಡೆಗೊರಗಿ ಕೂತಿದ್ದಳು, ಮೊಣಕಾಲನ್ನು ತಬ್ಬಿಕೊಂಡು. ನಾನು ಏನು ಕೇಳಬೇಕು ಅಂತ ತಿಳಿಯದೆ ಅಭ್ಯಾಸಬಲದಿಂದ ಹಾಲಿನ ಪಾತ್ರೆ ಎತ್ತಿ ಒಲೆಯ ಮೇಲಿಡಲು ಹೋದೆ.

“ಅಮ್ಮಾ, ಹಾಲು ಎಷ್ಟಿದೆ?”

“ಯಾಕೆ?”

“ಸುಳ್ಳು ಹೇಳ್ಬೇಕು. ನಿಜ ಹೇಳಕ್ಕೆ ಆಗ್ತಿಲ್ಲ ನಂಗೆ.”

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಸಾಲಾಗಿ ಬಟ್ಟಲುಗಳನ್ನಿಟ್ಟು ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹಾಲು ಹೊಯ್ದೆ. ಅವಳು ಮೊದಲ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, ಅದರೊಳಗೆ ಮುಖ ಬಗ್ಗಿಸಿ, ಮೆಲ್ಲಗೆ, “ಸ್ಕೂಲಲ್ಲಿ ಎಲ್ಲರೂ ನನ್ನ ಜೊತೆ ಮಾತಾಡ್ತಾರೆ” ಅಂದಳು. ಹಾಲು ಒಡೆಯಿತು. ಉಳಿದವಕ್ಕೆ ತಟ್ಟೆ ಮುಚ್ಚಿ ದೂರ ಸರಿಸಿದ್ದೆ. ಒಂದೊಂದನ್ನೇ ಮುಂದೆ ತಂದೆ. “ನೆಲ್ಲಿಮರದ ಹತ್ರ ಒಬ್ಳೇ ಕೂತ್ರೆ ಬೇಜಾರಾಗಲ್ಲ.” ಒಡೆಯಿತು. “ಬುತ್ತಿ ನಾನೇ ತಿಂತೀನಿ, ನಾಯಿಗೆ ಹಾಕಲ್ಲ.” ಒಡೆಯಿತು. ಕೊನೆಯ ಬಟ್ಟಲನ್ನು ಅವಳೇ ಎಳೆದುಕೊಂಡು ತಟ್ಟೆ ತೆಗೆದಳು.

“ನಂಗೆ ನಿನ್ನ ಮೇಲೆ ಕೋಪ ಇಲ್ಲ.”

ಬಟ್ಟಲಿನ ಕಡೆ ನೋಡುವುದು ಬೇಕಿರಲಿಲ್ಲ. ಅವಳ ಮುಖ ನೋಡುತ್ತಿದ್ದೆ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಕೆನ್ನೆ ಇಳಿದಿತ್ತು. ಇದು ಒಂದು ದಿನದಲ್ಲಿ ಆದದ್ದಲ್ಲ. ವಾರಗಟ್ಟಲೆ ನನ್ನ ಎದುರೇ ಕೂತಿತ್ತು, ನಾನು ಪಾತ್ರೆ ನೋಡುತ್ತಿದ್ದೆ. ಹತ್ತಿರ ಎಳೆದುಕೊಂಡೆ. ಮೊದಲು ಸೆಟೆದುಕೊಂಡಳು, ಆಮೇಲೆ ನನ್ನ ಹೆಗಲಿಗೆ ಮೂಗೊರೆಸಿಕೊಂಡು ಅತ್ತಳು. ಬೀದಿಯಲ್ಲಿ ಜನ ಹೋ ಎಂದು ಕೂಗಿದರು. ಕಾದಂಬಿನಿಗೆ ಏನೋ ಆಗಿರಬೇಕು.

“ನಾಳೆ ಏನು ಹೇಳ್ಲಮ್ಮ? ಕಾದಂಬಿನಿ ಥರ ಸುತ್ತಿಬಳಸಿ ಹೇಳ್ಲಾ? ‘ಚಳಿಗಾಲದಲ್ಲಿ ತುಂಬ ಕೈ ಬಂದ್ವು, ಪರದೆ ಇತ್ತು, ಕತ್ತಲಿತ್ತು’ ಅಂತ?”

“ಎಲ್ಲಾ ನಿಜವೇ.”

“ನಿಜವೇ. ನಿಂಗೂ ದಿನಾ ಅಂಥ ನಿಜಾನೇ ಹೇಳ್ತಿದ್ದೆ.”

ಈ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು; ನಿಜ, ಸುಳ್ಳು, ಸುತ್ತುಬಳಸು ಬಿಟ್ಟರೆ ನಾಲ್ಕನೆಯದು ಕಂಡವಳಲ್ಲ. “ನಾನೂ ಬರ್ತೀನಿ ನಾಳೆ, ಪಕ್ಕದಲ್ಲಿ ನಿಂತಿರ್ತೀನಿ” ಅಂದೆ. ಅಷ್ಟು ಮಾತ್ರ ನನ್ನ ಕೈಲಾಗುವುದಾಗಿತ್ತು. ಹಾಲೊಡೆದ ಬಟ್ಟಲುಗಳಿಗೆಲ್ಲ ಸಕ್ಕರೆ ಹಾಕಿ ಇಬ್ಬರೂ ತಿಂದು ಮಲಗಿದೆವು.

ಮರುದಿನ ಹುಕ್ಕು ಕಾಜದ ಕೆಲಸಕ್ಕೆ ರಜೆ ಹೇಳಿ ಶಾಲೆಗೆ ಹೋದೆ. ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಬೇಲಿಯ ಆಚೆ ಊರಿನವರೂ ಬಂದು ನಿಂತಿದ್ದರು, ಧಾರಾವಾಹಿ ಮುಗಿದುಹೋಗಿ ನೋಡಲು ಬೇರೇನೂ ಇಲ್ಲದವರ ಹಾಗೆ. ಅವರಲ್ಲಿ ವರದಣ್ಣನೂ ಇದ್ದ. ಹಂಡೆ ಬಂತು. ಮೌನವಾಯಿತು. ಇಂದುಮತಿ ಮೇಡಂ ತಲೆಯಾಡಿಸಿದರು. ಸಂಪದಾ ಮುಂದೆ ಬಂದಳು. ಹಟಮಾರಿ ಹುಡುಗಿ ಅಂದುಕೊಂಡಿದ್ದೆ. ನೋಡಿದರೆ, ಉತ್ತರ ಬೇಡವಾಗಿದ್ದ ಪ್ರಶ್ನೆಯನ್ನು ಎರಡನೇ ಸಲ ಕೇಳಬೇಕಾಗಿ ಬಂದವಳ ಮುಖ ಅದು.

“ನಮ್ಮಪ್ಪ ಹಿಂದಿನ ಕಿಟಕಿಗೆ ಬಂದಿದ್ರಾ?”

ತನು ಹಂಡೆಯ ಕಡೆ ನೋಡಲಿಲ್ಲ. ಸಂಪದಾಳನ್ನೇ ನೋಡಿದಳು.

“ಬಂದಿದ್ರೋ ಇಲ್ವೋ, ನಂಗೆ ಗೊತ್ತು. ಹೇಳಲ್ಲ.”

ಎಲ್ಲರೂ ಹಂಡೆಗೆ ಬಗ್ಗಿದರು. ಹಾಲು ಇದ್ದ ಹಾಗೇ ಇತ್ತು, ಮೇಲೆ ತೆಳುವಾಗಿ ಕೆನೆ ಕಟ್ಟುತ್ತಿತ್ತು.

“ಅದು ಉತ್ತರ ಅಲ್ಲ!” ಅಂದರು ಬೇಲಿಯಾಚೆಯಿಂದ ಯಾರೋ.

“ಉತ್ತರವೇ” ಅಂದಳು ತನು. ಧ್ವನಿ ಸಣ್ಣಗಿತ್ತು, ಆದರೆ ಒಡೆಯಲಿಲ್ಲ. “ಇವಳ ಅಪ್ಪಂದೂ ಹೇಳಲ್ಲ, ನಿಮ್ಮದೂ ಹೇಳಲ್ಲ. ನಾಳೆನೂ ಹೇಳಲ್ಲ. ಹಾಲು ಬೇಕಾದ್ರೆ ನೋಡ್ಕೊಳ್ಳಿ, ಆದ್ರೆ ನಾಳೆದು ಅದಕ್ಕೆ ಗೊತ್ತಿಲ್ಲ. ನನ್ನ ನಂಬಬೇಕು, ಅಷ್ಟೇ.”

ಇಂಥ ಮಾತನ್ನು ನಮ್ಮೂರಲ್ಲಿ ಯಾರೂ ಆಡಿದ್ದು ನಾನು ಕೇಳಿರಲಿಲ್ಲ. ಆಡುವ ಅಗತ್ಯವೇ ಬಿದ್ದಿರಲಿಲ್ಲ, ಎಲ್ಲದಕ್ಕೂ ಹಾಲಿತ್ತು. ಜನ ಮುಖ ಮುಖ ನೋಡಿಕೊಂಡರು. ಮೇಡಂ ಏನು ತೀರ್ಪು ಕೊಡಬೇಕು ಅಂತ ತಿಳಿಯದೆ ನಿಂತಿದ್ದರು. ಅಷ್ಟರಲ್ಲಿ ಸಂಪದಾ ಹೋಗಿ ಲೋಟ ತೆಗೆದುಕೊಂಡು ಹಂಡೆಯ ಮುಂದೆ ಹಿಡಿದಳು. ಅವಳಿಗೆ ಹೊಯ್ದರು. ಕುಡಿಯುವ ಮುಂಚೆ ಒಂದು ಸಲ ತನು ಕಡೆ ತಿರುಗಿದಳು, ಏನೂ ಅನ್ನಲಿಲ್ಲ. ಹಾಲು ಮುಗಿಯುವವರೆಗೆ ಮಾತಾಡಬಾರದಲ್ಲ. ಕುಡಿದು ಮುಗಿಸಿ, ಖಾಲಿ ಲೋಟವನ್ನು ತೊಳೆದು ತನು ಕೈಗೆ ಕೊಟ್ಟಳು.

ಬೇಲಿಯ ಹತ್ತಿರ ವರದಣ್ಣ ನನ್ನನ್ನು ತಡೆದ. ಎಲೆಯಲ್ಲಿ ಕಟ್ಟಿದ ಒಂದು ಪೊಟ್ಟಣ ಕೊಟ್ಟ. “ನಿನ್ನೆ ಸ್ಕೂಲಿನ ಹಾಲಿಂದು, ಕಲಾಕಂದ. ನಿಮ್ಮ ಮಗಳ ಸುಳ್ಳು ಬಾಳ ಚೆನ್ನಾಗಿ ಕೂತಿದೆ ಅಕ್ಕ” ಅಂದ. ಆಮೇಲೆ, “ಆವತ್ತು ನಾನು ಹಂಗೆ ಕೇಳಬಾರದಿತ್ತು” ಅಂದ. ಈ ಸಲ ಪ್ರಶ್ನೆಯಾಗಿರಲಿಲ್ಲ ಅದು.

ಅಂದು ಸಂಜೆ ಹಿಂದಿನ ಕಿಟಕಿಯಲ್ಲಿ ಕೂತೆ. ಬಹಳ ಹೊತ್ತು ಹೊಂಗೆಮರದ ಎಲೆ ಬೀಳುವುದು ಬಿಟ್ಟರೆ ಬೇರೆ ಸದ್ದಿಲ್ಲ. ಕ್ಯಾನಿನ ಮುಚ್ಚಳ ಹಾಕಿ ಏಳಬೇಕು ಅನ್ನುವಾಗ ಪರದೆಯ ಕೆಳಗೆ ಒಂದು ಪಾತ್ರೆ ಬಂತು. ತುಂಬಿಕೊಟ್ಟೆ. ಅದು ಯಾರ ಕೈ ಅಂತ ನನಗೆ ಗೊತ್ತು. ಹೇಳುವುದಿಲ್ಲ. ಅದರ ಹಿಂದೆ ಇನ್ನೊಂದು ಬಂತು. ತಿಂಗಳ ಕೊನೆಗೆ ಇಟ್ಟಿಗೆ ಹೊತ್ತ ಗಾಡಿ ಬರಲಿಲ್ಲ.

ಕಾದಂಬಿನಿಗೆ ಕೊನೆಗೆ ಏನಾಯಿತು ಅನ್ನುವುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಮುಂದಿನ ಕಿಟಕಿಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ಹಾಲೂ ಒಡೆಯುವುದಿಲ್ಲ. ಅವರವರಿಗೆ ಕಂಡದ್ದು ಅವರಿಗೆ ನಿಜ ಇರಬೇಕು.

ಆ ಸಂಜೆ ಮನೆಗೆ ಬಂದು ಹಾಲು ಒಲೆಗಿಟ್ಟೆ. ತನು ಎದುರಿಗೆ ಕೂತು ಕಲಾಕಂದದ ಪೊಟ್ಟಣ ಬಿಚ್ಚುತ್ತಿದ್ದಳು. ನಾನು ಪಾತ್ರೆಗೆ ಬೆನ್ನು ಹಾಕಿ ಅವಳ ಮುಂದೆ ಕೂತೆ.

“ಸ್ಕೂಲು ಹೆಂಗಿತ್ತೇ? ಆಮೇಲೆ ಸಂಪದಾ ಏನಂದ್ಲು?”

ಅವಳು ತಲೆ ಎತ್ತಿ, ಬಾಯಲ್ಲಿ ತುಂಡು ಇಟ್ಟುಕೊಂಡು, ಕಣ್ಣಲ್ಲೇ ನಕ್ಕಳು.

“ಹೇಳಲ್ಲ.”

ನಾನೂ ನಕ್ಕೆ. ಅವಳ ಮುಖವನ್ನೇ ನೋಡುತ್ತಾ ಕೂತೆ, ಇಷ್ಟು ದಿನದ್ದೆಲ್ಲ ಬಡ್ಡಿಸಮೇತ. ಹಿಂದೆ ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿ ಚುಂಯ್ ಎಂದಾಗಲೇ ಇಬ್ಬರಿಗೂ ಅದರ ನೆನಪಾದದ್ದು.